ಒಂಬತ್ತನೇ ಮಹಡಿಯ ಮರೆವು: ಒಂದು ಪ್ರಕರಣ ಅಧ್ಯಯನ

ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದಕ್ಕೆ ಸೊಸೆಯಾಗಿ ಬಂದು ಅಲ್ಲೇ 50 ವರ್ಷ ಕಳೆದವರು ಈ ಅಮ್ಮ. ವಯಸ್ಸು 71, ಓದು ಏಳನೇ ತರಗತಿ. ಯಜಮಾನರು ತೀರಿಕೊಂಡ ಮೇಲೆ ಒಂದೂವರೆ ವರ್ಷ ಒಬ್ಬರೇ ಇದ್ದರು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದರು ಎಂಬ ಸುದ್ದಿ ಬಂದಾಗ ಮಗ ಹೋಗಿ ಬೆಂಗಳೂರಿಗೆ ಕರೆತಂದ. ಕನಕಪುರ ರಸ್ತೆಯ ಅಪಾರ್ಟ್‌ಮೆಂಟು, ಒಂಬತ್ತನೇ ಮಹಡಿ.

ಬಂದು 14 ತಿಂಗಳಾಗುವಷ್ಟರಲ್ಲಿ ಮನೆಯವರಿಗೆ ಕಂಡದ್ದು ಇದು. ಒಂದೇ ಪ್ರಶ್ನೆಯನ್ನು ಗಂಟೆಗೆ ಮೂರು ಸಲ ಕೇಳುತ್ತಾರೆ. ಹಾಲು ಕಾಯಲು ಇಟ್ಟು ಎರಡು ಬಾರಿ ಮರೆತಿದ್ದಾರೆ. ಜನ್ಮದಲ್ಲಿ ತಪ್ಪದ ಏಕಾದಶಿ ತಪ್ಪಿದೆ. ರಾತ್ರಿ ಎರಡಕ್ಕೇ ಎಚ್ಚರ, ಹಗಲೆಲ್ಲ ಟೀವಿ ಮುಂದೆ ತೂಕಡಿಕೆ. ಮಾತಿನ ನಡುವೆ ಎದ್ದು ಕೋಣೆಗೆ ಹೋಗಿಬಿಡುತ್ತಾರೆ. ‘ಅರವತ್ತಕ್ಕೆ ಅರಳುಮರಳು’ ಎಂದು ನೆಂಟರು ನಕ್ಕು ಸುಮ್ಮನಾದರು. ಮಗನಿಗೆ ಮಾತ್ರ ಹೆದರಿಕೆ ಹತ್ತಿ ಫೋನಿಗೆ ಧ್ಯಾನದ ಆ್ಯಪ್ ಹಾಕಿಕೊಟ್ಟ, ಸುಡೊಕು ಪುಸ್ತಕ ತಂದ, ಬ್ರಾಹ್ಮಿ ಲೇಹ್ಯ ತರಿಸಿದ. ಮೂರು ತಿಂಗಳಲ್ಲಿ ಮೂರೂ ಮೂಲೆ ಸೇರಿದವು.

ಇದು ಯಾವುದೋ ಒಬ್ಬರ ಕಡತದಿಂದ ಎತ್ತಿದ್ದಲ್ಲ. ಮರೆವಿನ ದೂರು ಹೊತ್ತು ಬರುವ ಕುಟುಂಬಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಮನೆಯೊಳಗೆ ಕೂಡಿಸಿ ಕಟ್ಟಿದ ಪ್ರಕರಣ. ಇವರ ರಕ್ತದೊತ್ತಡ, ಪರೀಕ್ಷೆಯ ಅಂಕಗಳೆಲ್ಲ ಈ ಕಲ್ಪಿತ ವ್ಯಕ್ತಿಯವು. ಉಲ್ಲೇಖಿಸಿದ ಅಧ್ಯಯನಗಳೂ ಅವುಗಳ ಅಂಕಿಗಳೂ ನಿಜವಾದವು.

ಎರಡು ದಿನಚರಿಗಳು

ಪರೀಕ್ಷೆಗೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಮೊದಲು ದಿನ ಹೇಗೆ ಹೋಗುತ್ತಿತ್ತು, ಈಗ ಹೇಗೆ ಹೋಗುತ್ತದೆ? ಹೆಚ್ಚಿನ ಕಡೆ ಇದನ್ನು ಯಾರೂ ಕೇಳುವುದಿಲ್ಲ.

ಊರಿನಲ್ಲಿ ಐದಕ್ಕೆ ಎದ್ದರೆ ಕೊಟ್ಟಿಗೆ, ಅಂಗಳ, ದೇವರಿಗೆ ಹೂವು. ತೋಟಕ್ಕೆ ಇಳಿಯುವುದು, ಹತ್ತುವುದು. ಆಳುಗಳು ಎಷ್ಟು ಜನ, ಅಕ್ಕಿ ಎಷ್ಟು, ಮಜ್ಜಿಗೆ ಸಾಲುತ್ತದೋ ಇಲ್ಲವೋ ಎಂಬ ಲೆಕ್ಕ ತಲೆಯಲ್ಲೇ ಓಡುತ್ತಿತ್ತು. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತರ ತನಕ ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು. ಕೈ ಒಂದು ಕಡೆ, ಬಾಯಿ ಒಂದು ಕಡೆ. ಸಂಜೆ ದೀಪ ಹಚ್ಚಿ ಅರ್ಧ ಗಂಟೆ ಜಪ. ವ್ಯಾಯಾಮ, ಲೆಕ್ಕಾಚಾರ, ಒಡನಾಟ, ಏಕಾಗ್ರತೆ ಎಂದು ನಾವು ಇಂದು ಬೇರೆ ಬೇರೆ ಹೆಸರಿಟ್ಟು ಮಾರುವ ನಾಲ್ಕೂ ಅಲ್ಲಿ ಒಂದೇ ಕೆಲಸದೊಳಗೆ ಇದ್ದವು.

ಬೆಂಗಳೂರಿನಲ್ಲಿ ಅಡುಗೆಗೆ ಜನ ಇದ್ದಾರೆ. “ನೀವು ಕೂತ್ಕೊಳ್ಳಿ ಅತ್ತೆ, ಎಷ್ಟು ಅಂತ ಮಾಡ್ತೀರಿ” ಎನ್ನುವ ಸೊಸೆಯದು ನಿಜವಾದ ಅಕ್ಕರೆ. ಸೆರಗಿನ ಗಂಟಿನಲ್ಲಿ ಹೆಜ್ಜೆ ಎಣಿಸುವ ಸಣ್ಣ ಯಂತ್ರ ಕಟ್ಟಿ ಒಂದು ವಾರ ನೋಡಿದಾಗ ದಿನಕ್ಕೆ ಸರಾಸರಿ 1,100 ಹೆಜ್ಜೆ. ಮನೆಯವರ ಹೊರತಾಗಿ ಆಡಿದ ಮಾತು ವಾರಕ್ಕೆ ಎರಡು ಫೋನ್ ಕರೆ. ಅವನ್ನೂ ಮಗನೇ ಹಚ್ಚಿಕೊಟ್ಟದ್ದು.

ಹಾಗೆಂದು ಹಳ್ಳಿಯೇ ಮದ್ದು ಎಂದು ಯಾರೂ ಓದಿಕೊಳ್ಳಬಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ (ದಿನದ ಬದುಕಿಗೇ ಅಡ್ಡಿಯಾಗುವಷ್ಟು ಬೆಳೆದ ಮರೆವಿನ ಕಾಯಿಲೆ) ಇದೆ, ಪ್ರಮಾಣ ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು. ಓದಿನ ಕೊರತೆ, ಅಳತೆಯನ್ನೇ ಕಾಣದ ರಕ್ತದೊತ್ತಡ, ಒಲೆಯ ಹೊಗೆ ಎಲ್ಲವೂ ಅಲ್ಲಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿರುವುದು ಇದೇ ಕಾರಣಕ್ಕೆ. ಈ ಅಮ್ಮ ಊರು ಬಿಟ್ಟದ್ದರಿಂದ ಕೆಟ್ಟರು ಎನ್ನುವುದಕ್ಕಿಂತ, ಅಲ್ಲಿ ತಾನಾಗಿ ಒದಗುತ್ತಿದ್ದದ್ದಕ್ಕೆ ಇಲ್ಲಿ ಬದಲಿ ಸಿಗಲಿಲ್ಲ ಎನ್ನುವುದು ಸರಿ.

ಮೊದಲು ನೋಡಿದ್ದು

ಮರೆವು ದಿನಗಳಲ್ಲಿ ಏಕಾಏಕಿ ಬಂದಿದ್ದರೆ, ತಲೆಗೆ ಪೆಟ್ಟು ಬಿದ್ದ ಕೆಲ ವಾರಗಳಲ್ಲಿ ಕಾಣಿಸಿದ್ದರೆ, ಜೊತೆಗೆ ಜ್ವರ, ಕೈಕಾಲು ಸೋಲು, ಮೂತ್ರ ತಡೆಯಲಾಗದಿರುವುದು, ಇಲ್ಲದ್ದು ಕಾಣಿಸುವುದು ಇದ್ದರೆ ಧ್ಯಾನ-ವ್ಯಾಯಾಮದ ಮಾತು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಅಂಗಳದಲ್ಲಿ ಬಿದ್ದದ್ದು ಹಳೆಯ ಮಾತಾದರೂ, ಮಿದುಳಿನ ಹೊದಿಕೆಯಡಿ ನಿಧಾನಕ್ಕೆ ರಕ್ತ ಕಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮಾಡಿಸಲಾಯಿತು. ರಕ್ತ ಇರಲಿಲ್ಲ, ವಯಸ್ಸಿಗೆ ತಕ್ಕ ಕುಗ್ಗುವಿಕೆ, ಸಣ್ಣ ರಕ್ತನಾಳಗಳ ಸವಕಳಿಯ ಕೆಲವು ಚುಕ್ಕೆಗಳು.

ಮಿಕ್ಕ ಪಟ್ಟಿಯಲ್ಲಿ ಸಿಕ್ಕಿದ್ದು ಹೆಚ್ಚು ಉಪಯೋಗದ್ದು. ರಕ್ತದೊತ್ತಡ 152/86, ಮಾತ್ರೆ ಇತ್ತು, ತೆಗೆದುಕೊಂಡದ್ದು ನೆನಪಾದ ದಿನ ಮಾತ್ರ. ಬಿ12 ಜೀವಸತ್ವ 148 ಪಿಕೋಗ್ರಾಂ, ಹೆಚ್ಚಿನ ಪ್ರಯೋಗಾಲಯಗಳ ಕೆಳಮಿತಿ 200ರ ಆಸುಪಾಸಿನಲ್ಲಿರುತ್ತದೆ. ಹುಟ್ಟಾ ಸಸ್ಯಾಹಾರಿ, ಮೇಲೆ ಐದು ವರ್ಷದಿಂದ ಪ್ರತಿದಿನ ಬೆಳಿಗ್ಗೆ ‘ಗ್ಯಾಸಿನ ಮಾತ್ರೆ’ ಪ್ಯಾಂಟೊಪ್ರಝೋಲ್. ಹೊಟ್ಟೆಯ ಆಮ್ಲ ತಗ್ಗಿದರೆ ಆಹಾರದಲ್ಲಿರುವ ಅಲ್ಪಸ್ವಲ್ಪ ಬಿ12 ಕೂಡ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಹಿಮೋಗ್ಲೋಬಿನ್ 10.9. ಥೈರಾಯ್ಡ್ ಸರಿ. ಎಡಗಣ್ಣಿನಲ್ಲಿ ಪೊರೆ.

ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಸುರಿಸಿದಾಗ ಚೀಟಿಯಲ್ಲಿಲ್ಲದ ಒಂದು ಸಿಕ್ಕಿತು. ಶೀತಕ್ಕೆಂದು ಊರಿನ ಅಂಗಡಿಯಲ್ಲಿ ಕೊಂಡ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ. ನಿದ್ದೆ ಬರುತ್ತದೆಂದು ದಿನಾ ರಾತ್ರಿ ಒಂದು. ನೆನಪು ಕೂಡಿಡಲು ಮಿದುಳಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ದಾರಿಗೇ ಇದು ಅಡ್ಡ ನಿಲ್ಲುತ್ತದೆ. ಹಿರಿಯರಿಗೆ ಕೊಡಬಾರದ ಔಷಧಗಳ ಪಟ್ಟಿಯಲ್ಲಿ ಇದು ಹಳೆಯ ಹೆಸರು. ಅರೆ ನಿದ್ದೆ, ಒಣಗಿದ ಬಾಯಿ, ಮಲಬದ್ಧತೆ, ಹಗಲಿನ ಮಂಕು ಇವಿಷ್ಟೂ ಈ ಒಂದು ಮಾತ್ರೆಯ ಲೆಕ್ಕಕ್ಕೆ ಹೋಗಬಹುದು.

ಆಮೇಲೆ ಕಿವಿ. ಬಲಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಸಿ ಪರೀಕ್ಷಿಸಿದಾಗ ಬಲಕ್ಕೆ 48, ಎಡಕ್ಕೆ 51 ಡೆಸಿಬೆಲ್. ಎಂದರೆ ಎದುರು ಕೂತು ಸಹಜವಾಗಿ ಆಡಿದ ಮಾತಿನಲ್ಲಿ ಸ್ವರ ಕೇಳಿಸುತ್ತದೆ; ಸ, ಶ, ಫ, ತ ಮೊದಲಾದ ಅಕ್ಷರಗಳು ಜಾರಿ ಹೋಗುತ್ತವೆ. ‘ಕೇಳಿಸ್ತದೆ, ಗೊತ್ತಾಗ್ತಿಲ್ಲ’ ಎನ್ನುವವರ ಕಿವಿ ಇಂಥದ್ದು. ಮಾತಿನ ನಡುವೆ ಎದ್ದು ಹೋಗುತ್ತಿದ್ದದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಕೇಳುತ್ತಿದ್ದದ್ದಕ್ಕೂ ಅರ್ಧ ಕಾರಣ ಇಲ್ಲಿತ್ತು: ಉತ್ತರ ಒಳಗೆ ಇಳಿದೇ ಇರಲಿಲ್ಲ. ಇಳಿಯದ್ದನ್ನು ಮರೆತರು ಎನ್ನುವುದು ಹೇಗೆ?

ನೆನಪಿನ ಪರೀಕ್ಷೆಯ ದೊಡ್ಡ ಮೋಸವೂ ಇದೇ ಜಾಗದಲ್ಲಿ. ಮೋಕಾ ಎಂಬ 30 ಅಂಕದ ಪರೀಕ್ಷೆಯ ಕನ್ನಡ ಆವೃತ್ತಿಯಲ್ಲಿ ಐದು ಪದ ಓದಿ ಹೇಳಿ ಐದು ನಿಮಿಷದ ಮೇಲೆ ಕೇಳುತ್ತಾರೆ. ಅಂಕಿಗಳನ್ನೂ ಓದಿ ಹೇಳುತ್ತಾರೆ. ಕಿವಿ ಕೇಳದವರಿಗೆ ಅದು ನೆನಪಿನ ಪರೀಕ್ಷೆಯಾಗಿ ಉಳಿಯುವುದಿಲ್ಲ. ಬೇರೆ ಕಡೆ ಮಾಡಿಸಿದ್ದ ಮೊದಲ ಪರೀಕ್ಷೆಯಲ್ಲಿ 17 ಬಂದಿತ್ತು. ಗುಗ್ಗೆ ತೆಗೆಸಿ, ಕಿವಿಗೆ ತಾತ್ಕಾಲಿಕ ಧ್ವನಿವರ್ಧಕ ಹಾಕಿ, ಎದುರು ಕೂತು ತುಟಿ ಕಾಣುವಂತೆ ಬೇರೊಂದು ಪದಪಟ್ಟಿಯಿಂದ ಕೇಳಿದಾಗ ಓದು ಕಡಿಮೆಯಿರುವವರಿಗೆ ಸೇರಿಸುವ ಒಂದು ಅಂಕವೂ ಕೂಡಿ 20. ಐದು ಪದಗಳಲ್ಲಿ ತಾನಾಗಿ ನೆನಪಾದದ್ದು ಒಂದೂ ಇಲ್ಲ, ಸುಳಿವು ಕೊಟ್ಟಾಗ ಮೂರು. ಹಾಗಾಗಿ ತೊಂದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ 17ಕ್ಕೂ 20ಕ್ಕೂ ನಡುವೆ ಒಂದು ಕುಟುಂಬದ ನಿದ್ದೆ ಇದೆ.

ಖಿನ್ನತೆಯ 15 ಪ್ರಶ್ನೆಗಳ ಪಟ್ಟಿಯಲ್ಲಿ 7 (5 ದಾಟಿದರೆ ಗಮನಿಸಬೇಕು). ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು 14.2 ಸೆಕೆಂಡ್, 12 ದಾಟಿದರೆ ಬೀಳುವ ಅಪಾಯ ಹೆಚ್ಚು. ಕೈ ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎದ್ದದ್ದು 8 ಸಲ. ಈ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಎಂದರೆ ಕಾಲಿನ ಬಲ ಸಾಲದು.

ಬರೆದುಕೊಂಡ ನಿರ್ಣಯ: ನೆನಪಿನ ಸೌಮ್ಯ ಕುಂದು (ವಯಸ್ಸಿಗೆ ಮೀರಿದ, ಆದರೆ ಡಿಮೆನ್ಶಿಯಾದ ಮಟ್ಟ ಮುಟ್ಟದ ಮರೆವು) ಇರಬಹುದು, ಸರಿಪಡಿಸಬಹುದಾದ ಆರು ಕಾರಣಗಳು ಮೇಲೆ ಕೂತಿವೆ, ಹೆಸರಿಡುವುದು ಆರು ತಿಂಗಳ ನಂತರ.

ಮೊದಲ ಎರಡು ತಿಂಗಳು: ಅಡ್ಡಿ ತೆಗೆಯುವುದು

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಶಿಯಾಕ್ಕೆ ತಿದ್ದಬಹುದಾದ 14 ಅಪಾಯಗಳನ್ನು ಹೆಸರಿಸಿದೆ. ಅವೆಲ್ಲವನ್ನೂ ಜೀವನದುದ್ದಕ್ಕೂ ತಡೆದರೆ ಶೇ. 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ. ಕಿವುಡು, ಅಧಿಕ ರಕ್ತದೊತ್ತಡ, ಖಿನ್ನತೆ, ಚಲನೆಯ ಕೊರತೆ, ಒಂಟಿತನ, ದೃಷ್ಟಿದೋಷ ಈ ಆರೂ ಆ ಪಟ್ಟಿಯಲ್ಲಿವೆ, ಈ ಅಮ್ಮನಲ್ಲೂ ಇವೆ. ಧ್ಯಾನದ ಕೊರತೆ ಪಟ್ಟಿಯಲ್ಲಿಲ್ಲ.

ಬಿ12 ಚುಚ್ಚುಮದ್ದು 1,000 ಮೈಕ್ರೋಗ್ರಾಂ: ಒಂದು ವಾರ ದಿನಾ, ಮುಂದಿನ ನಾಲ್ಕು ವಾರ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಗ್ಯಾಸಿನ ಮಾತ್ರೆಯನ್ನು ವೈದ್ಯರ ಸಲಹೆಯಂತೆ ದಿನ ಬಿಟ್ಟು ದಿನ ಮಾಡಿ, ಕೊನೆಗೆ ಬೇಕೆನಿಸಿದ ದಿನ ಮಾತ್ರ. ಶೀತದ ಮಾತ್ರೆ ಅಂದೇ ಬಂದ್; ಬದಲಿಗೆ ಮೂಗಿಗೆ ಉಪ್ಪುನೀರಿನ ಸ್ಪ್ರೇ. ಮೊದಲ ಐದು ರಾತ್ರಿ ನಿದ್ದೆ ಕೆಟ್ಟಿತು, ಮನೆಯವರಿಗೆ ಮೊದಲೇ ಹೇಳಿಟ್ಟಿದ್ದರಿಂದ ಯಾರೂ ಮಾತ್ರೆ ವಾಪಸು ಕೊಡಲಿಲ್ಲ. (ಅಲ್ಪ್ರಝೊಲಾಮ್ ತರಹದ ನಿದ್ದೆ ಮಾತ್ರೆಯಾಗಿದ್ದರೆ ಹೀಗೆ ಏಕಾಏಕಿ ನಿಲ್ಲಿಸಬಾರದು, ವಾರಗಳ ಮೇಲೆ ಇಳಿಸಬೇಕು.) ರಕ್ತದೊತ್ತಡದ ಮಾತ್ರೆಯನ್ನು ಬೆಳಗಿನ ಕಾಫಿ ಲೋಟದ ತಟ್ಟೆಯಲ್ಲೇ ಇಡುವ ರೂಢಿ ಮಾಡಲಾಯಿತು. ಅಲಾರಂ ಕೇಳಿಸದವರಿಗೆ ಅಲಾರಂ ಇಟ್ಟು ಏನು ಫಲ?

ಹೆಚ್ಚು ಹೊತ್ತು ಹಿಡಿದದ್ದು ಕಿವಿಯ ಯಂತ್ರ. ಎರಡೂ ಕಿವಿಗೆ ಹಾಕಿಸಿದರು. ಎರಡನೇ ದಿನವೇ ಕುಕ್ಕರಿನ ಸೀಟಿಗೆ ಬೆಚ್ಚಿ ತೆಗೆದು ಎಲೆಅಡಿಕೆ ಡಬ್ಬಿಯಲ್ಲಿ ಇಟ್ಟುಬಿಟ್ಟರು. ಇದು ಹಠದ ಮಾತಲ್ಲ. ವರ್ಷಗಳಿಂದ ಕೇಳದ ತೀಕ್ಷ್ಣ ಶಬ್ದಗಳು ಒಮ್ಮೆಲೇ ಬಂದರೆ ಮಿದುಳು ಅವನ್ನು ಗದ್ದಲ ಎಂದೇ ತೆಗೆದುಕೊಳ್ಳುತ್ತದೆ. ಬೇಡದ್ದನ್ನು ಸೋಸುವುದು ಮರಳಿ ಕಲಿಯಲು ಆರರಿಂದ ಎಂಟು ವಾರ ಬೇಕಾಗಬಹುದು. ಯಂತ್ರದೊಳಗೇ ಎಷ್ಟು ಗಂಟೆ ಹಾಕಿದ್ದರು ಎಂಬ ಲೆಕ್ಕ ಉಳಿಯುತ್ತದೆ. ಮೊದಲ ತಿಂಗಳ ಸರಾಸರಿ ಒಂದೂವರೆ ಗಂಟೆ. ತಿದ್ದಿದ ಕ್ರಮ ಹೀಗೆ: ಮೊದಲ ವಾರ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೊಂದಿಗೆ ಮಾತು. ಎರಡನೇ ವಾರ ಗಟ್ಟಿಯಾಗಿ ಓದುವುದು, ತನ್ನ ದನಿ ತಾನೇ ಕೇಳಿ ಒಗ್ಗಲಿ ಎಂದು. ಮೂರನೇ ವಾರ ಟೀವಿ. ನಾಲ್ಕನೆಯದಕ್ಕೆ ಅಡುಗೆಮನೆ. ಜನ ಸೇರುವ ಜಾಗ ಎಲ್ಲಕ್ಕಿಂತ ಕೊನೆಗೆ. ಎರಡನೇ ಭೇಟಿಯಲ್ಲಿ ತೀಕ್ಷ್ಣ ಸ್ವರಗಳ ಏರಿಕೆಯನ್ನು ತಗ್ಗಿಸಿ, ಕುಂಯ್‌ಗುಡುತ್ತಿದ್ದ ಎಡಗಿವಿಗೆ ಅಳತೆಯ ಅಚ್ಚು ಮಾಡಿಸಿದರು. ಆ ಭೇಟಿಗೆ ಹೋಗದೇ ‘ಅಮ್ಮನಿಗೆ ಒಗ್ಗಲಿಲ್ಲ’ ಎಂದು ಕೈಬಿಡುವ ಮನೆಗಳು ಎಷ್ಟೋ.

ಯಂತ್ರ ಹಾಕಿದರೆ ನೆನಪು ಉಳಿಯುತ್ತದೆಯೇ? 2023ರ ಅಚೀವ್ ಪ್ರಯೋಗದಲ್ಲಿ 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ನೋಡಿದಾಗ ಒಟ್ಟಾರೆ ಗುಂಪಿನಲ್ಲಿ ಯಂತ್ರ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಹೃದಯ-ರಕ್ತನಾಳದ ಅಪಾಯ ಹೆಚ್ಚಿದ್ದ ಉಪಗುಂಪಿನಲ್ಲಿ ಮಾತ್ರ ಕುಸಿತದ ವೇಗ ಶೇ. 48ರಷ್ಟು ಕಡಿಮೆಯಾಯಿತು. ರಕ್ತದೊತ್ತಡ ಇರುವ ಈ ಅಮ್ಮ ಆ ಎರಡನೆಯವರಿಗೆ ಹತ್ತಿರ. ಅದು ಹಾಗಿರಲಿ, ಮೊಮ್ಮಗಳ ಮಾತು ಕೇಳಿಸುವುದಕ್ಕೆ ಪ್ರಯೋಗದ ಸಾಕ್ಷಿ ಬೇಕಿಲ್ಲ.

ನಡಿಗೆ ಮತ್ತು ಬಲ

ಮಗ ಜಿಮ್ಮಿನ ತರಬೇತುದಾರನನ್ನು ಗೊತ್ತುಮಾಡಿದ್ದ. 45 ನಿಮಿಷದ ಪಾಠ. ನಾಲ್ಕನೇ ದಿನ ಮೊಣಕಾಲು ಊದಿ ನಿಂತಿತು. ದಿನಕ್ಕೆ 1,100 ಹೆಜ್ಜೆಯವರನ್ನು ಒಮ್ಮೆಗೇ ಎತ್ತಿದರೆ ಆಗುವುದೇ ಅದು.

ಮತ್ತೆ ಶುರುಮಾಡಿದ್ದು ಹತ್ತು ನಿಮಿಷದಿಂದ, ದಿನಕ್ಕೆ ಎರಡು ಸಲ. ಪ್ರತಿ ವಾರ ಸುಮಾರು 300 ಹೆಜ್ಜೆ ಹೆಚ್ಚಳ, ನೋವು ಬಂದ ವಾರ ಹೆಚ್ಚಳ ಇಲ್ಲ. ವೇಗದ ಅಳತೆ ಸರಳ: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನ ಬಲದ ವ್ಯಾಯಾಮ, ಮೂರು ದಿನ ಸಮತೋಲನ. ಅದು ಹೋಗಿ ಮುಟ್ಟುವ ಊರು, ಹೊರಡುವ ಜಾಗವಲ್ಲ. ಹವಾಯಿ ಚಪ್ಪಲಿ ಬಿಡಿಸಿ ಹಿಮ್ಮಡಿಗೆ ಪಟ್ಟಿ ಇರುವ ಪಾದರಕ್ಷೆ ಕೊಡಿಸಲಾಯಿತು; ಸೀರೆಯ ಅಂಚು ಕಣಕಾಲಿನ ಮೇಲೆ. ಇವೆರಡನ್ನು ಮರೆತು ನಡಿಗೆಗೆ ಕಳಿಸಿದರೆ ಸೊಂಟದ ಮೂಳೆಯ ಆಸ್ಪತ್ರೆಗೆ ಕಳಿಸಿದಂತೆ.

ಬಲಕ್ಕೆ ಯಂತ್ರ ಬೇಕಾಗಲಿಲ್ಲ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು ಆರು ಸಲ, ಎರಡು ಸುತ್ತು. ಸೋಫಾದಿಂದ ಬೇಡ, ತಗ್ಗು ಮತ್ತು ಮೆತ್ತಗಿರುವುದರಿಂದ ಮೊಣಕಾಲಿಗೇ ಭಾರ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ. ಗೋಡೆಗೆ ಅಂಗೈ ಒತ್ತಿ ಮೈ ಮುಂದಕ್ಕೆ ತಂದು ಹಿಂದಕ್ಕೆ ಒಯ್ಯುವುದು ಎಂಟು ಸಲ. ಕಟ್ಟೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದನ್ನು ಸಾಲಾಗಿ ಇಟ್ಟು ಹತ್ತು ಸೆಕೆಂಡು ನಿಲ್ಲುವುದು, ಮೆಲ್ಲಗೆ ಮೂವತ್ತಕ್ಕೆ ಏರಿಸುವುದು, ಆಮೇಲೆ ಒಂದೇ ಬೆರಳ ಆಸರೆ. ಸಂಖ್ಯೆ ಸಲೀಸಾದ ವಾರ ಎರಡು ಹೆಚ್ಚಿಸುವುದು. ಹೆಚ್ಚಿಸದೇ ವರ್ಷವಿಡೀ ಆರೇ ಮಾಡಿದರೆ ಸ್ನಾಯುವಿಗೆ ಮತ್ತಷ್ಟು ಬೆಳೆಯಲು ಕಾರಣ ಇರುವುದಿಲ್ಲ.

ಇಲ್ಲಿ ಬಂದ ಇನ್ನೊಂದು ಅಡ್ಡಿ ತಟ್ಟೆಯಲ್ಲಿತ್ತು. ತೂಕ 52 ಕಿಲೋ. ಕಿಲೋಗೆ ಒಂದರಿಂದ 1.2 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 52ರಿಂದ 62 ಗ್ರಾಂ ಪ್ರೋಟೀನ್ ಬೇಕು. ತಿನ್ನುತ್ತಿದ್ದದ್ದು ಮೂವತ್ತೈದರ ಹತ್ತಿರ. ‘ದಿನಾ ಸಾರು ಉಣ್ತೇನಲ್ಲ’ ಎಂದರು. ತಿಳಿಸಾರಿನಲ್ಲಿ ಬೇಳೆಯ ರುಚಿ ಇದೆ, ಬೇಳೆ ಇಲ್ಲ. ಬುಡದ ಬೇಳೆ ಬಡಿಸುವುದು, ಬೆಳಿಗ್ಗೆ ಮೊಳಕೆ ಹೆಸರುಕಾಳು ಬೇಯಿಸಿದ್ದು ಒಂದು ಬಟ್ಟಲು, ರಾತ್ರಿ ಹಾಲು, ಊಟಕ್ಕೆ ನೀರುಮಜ್ಜಿಗೆ ಬದಲು ಗಟ್ಟಿ ಮೊಸರು ಎಂದು ಬದಲಿಸಲಾಯಿತು.

ನಡಿಗೆ ಮಿದುಳಿಗೆ ಏನು ಮಾಡುತ್ತದೆ ಎಂಬುದಕ್ಕೆ ಹೆಚ್ಚು ಉಲ್ಲೇಖವಾಗುವುದು 2011ರ ಅಮೆರಿಕದ ಒಂದು ಪ್ರಯೋಗ. 120 ಹಿರಿಯರಲ್ಲಿ ಅರ್ಧ ಜನ ಒಂದು ವರ್ಷ, ವಾರಕ್ಕೆ ಮೂರು ದಿನ, 40 ನಿಮಿಷದ ಮಟ್ಟಕ್ಕೆ ಏರುತ್ತ ನಡೆದರು. ಉಳಿದವರು ಮೈ ಸಡಿಲಿಸುವ ವ್ಯಾಯಾಮ ಮಾಡಿದರು. ನಡೆದವರಲ್ಲಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಶೇ. 2ರಷ್ಟು ಹಿಗ್ಗಿತ್ತು, ಉಳಿದವರಲ್ಲಿ ಶೇ. 1.4ರಷ್ಟು ಕುಗ್ಗಿತ್ತು. ಎಲ್ಲ ಪ್ರಯೋಗಗಳೂ ಇಷ್ಟು ಚಂದದ ಫಲ ಕೊಟ್ಟಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು.

ಧ್ಯಾನ ಯಾಕೆ ಕೈಕೊಟ್ಟಿತು

ಆ್ಯಪಿನ ದನಿ ಇಂಗ್ಲಿಷ್. ಅದು ಮೊದಲ ತೊಡಕು. ಕನ್ನಡದ್ದು ಹುಡುಕಿ ಹಾಕಿದ ಮೇಲೂ ಅಭ್ಯಾಸ ಹತ್ತಲಿಲ್ಲ. ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸಿದರೆ ಎರಡರಲ್ಲಿ ಒಂದು ಆಗುತ್ತಿತ್ತು: ನಿದ್ದೆ ಇಲ್ಲವೇ ಅಳು. ದುಃಖ ಇನ್ನೂ ಹಸಿಯಾಗಿರುವವರಿಗೆ, ಖಿನ್ನತೆ ಇರುವವರಿಗೆ ಖಾಲಿ ಮೌನ ಆಸರೆಯಾಗುವುದಕ್ಕಿಂತ ಹಳೆಯದನ್ನೇ ಮೆಲುಕು ಹಾಕುವ ಜಾಗವಾಗುವುದು ಹೆಚ್ಚು.

ಜಪಮಾಲೆ ಟ್ರಂಕಿನಲ್ಲಿತ್ತು. ಅದನ್ನೇ ತೆಗೆಸಲಾಯಿತು. ಸ್ನಾನದ ನಂತರ, ಕಾಫಿಗೂ ಮುಂಚೆ, ದೀಪದ ಮುಂದೆ ಕುರ್ಚಿಯಲ್ಲಿ, ಕಣ್ಣು ಅರೆತೆರೆದು. ಒಂದು ಮಣಿಗೆ ಒಂದು ನಾಮ, ನಾಮ ಹೇಳುವಾಗ ಉಸಿರು ನಿಧಾನಕ್ಕೆ ಹೊರಗೆ. ಮೊದಲ ವಾರ 27 ಮಣಿ, ಆಮೇಲೆ 54, ತಿಂಗಳ ಮೇಲೆ 108. ಹತ್ತರಿಂದ ಹನ್ನೆರಡು ನಿಮಿಷ. ಸೇರಿಸಿದ ಸೂಚನೆ ಒಂದೇ: ಮನಸ್ಸು ಬೇರೆ ಕಡೆ ಹೋದದ್ದು ಗೊತ್ತಾದಾಗ ಬೈದುಕೊಳ್ಳದೆ ಅದೇ ಮಣಿಗೆ ಮರಳುವುದು. ಗಮನಕ್ಕೆ ತಾಲೀಮು ಆ ಮರಳುವಿಕೆಯಲ್ಲೇ ಇದೆ. ಮಣಿ ಸುಮ್ಮನೆ ಉರುಳಿಸಿದರೆ ಬೆರಳಿಗಷ್ಟೇ ಕೆಲಸ. ದೇವರು ದಿಂಡರು ಬೇಡ ಎನ್ನುವವರು ಒಂದರಿಂದ ಹತ್ತರ ತನಕ ಉಸಿರು ಎಣಿಸಿ ಮತ್ತೆ ಒಂದಕ್ಕೆ ಬರಬಹುದು. ಕಪಾಲಭಾತಿ, ಭಸ್ತ್ರಿಕಾ, ಉಸಿರು ಬಿಗಿಹಿಡಿಯುವುದು ರಕ್ತದೊತ್ತಡ ಹಿಡಿತಕ್ಕೆ ಬಾರದವರಿಗೆ ಬೇಡ.

ಇದರಿಂದ ನಿರೀಕ್ಷಿಸಿದ್ದು ನಿದ್ದೆ ಮತ್ತು ತಳಮಳದ ಇಳಿಕೆ. ನೆನಪನ್ನು ನಿರೀಕ್ಷಿಸಿರಲಿಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮರೆವಿನ ಕಳವಳವಿದ್ದ, 65ರಿಂದ 84ರ ನಡುವಿನ 585 ಜನರಿಗೆ ಸಾವಧಾನ ಧ್ಯಾನ, ವ್ಯಾಯಾಮ, ಎರಡೂ, ಅಥವಾ ಬರೇ ಆರೋಗ್ಯ ಪಾಠ ಕೊಟ್ಟರು. ಆರು ತಿಂಗಳಿಗೂ 18 ತಿಂಗಳಿಗೂ ನೆನಪಿನಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಅದೇ ವರ್ಷದ ಫ್ರಾನ್ಸಿನ 18 ತಿಂಗಳ ಧ್ಯಾನ ಪ್ರಯೋಗದಲ್ಲೂ ಮಿದುಳಿನ ಗುರುತಿಸಿದ ಭಾಗಗಳ ಗಾತ್ರ ಬದಲಾಗಲಿಲ್ಲ. ಧ್ಯಾನ ಕಲಿಸುವವರು ಇದನ್ನು ಹೇಳುವುದು ಅಪರೂಪ. ಹೇಳಿದರೆ ಧ್ಯಾನದ ಮರ್ಯಾದೆಗೇನೂ ಕುಂದಿಲ್ಲ. ರಾತ್ರಿ ಎರಡಕ್ಕೆ ಏಳುತ್ತಿದ್ದವರು ನಾಲ್ಕೂವರೆಗೆ ಏಳುವಂತಾದರೆ ಅದೇ ಸಾಕಷ್ಟು ದೊಡ್ಡ ಲಾಭ.

ಜನ

ಅಪಾರ್ಟ್‌ಮೆಂಟಿನ ಹಿರಿಯ ನಾಗರಿಕರ ಕೂಟಕ್ಕೆ ಕಳಿಸಿದ್ದು ಮೊದಲ ತಪ್ಪು. ಮೂವತ್ತು ಜನ, ಮೈಕು, ಪ್ರತಿಧ್ವನಿಸುವ ಹಾಲು, ಹಿಂದಿ-ಇಂಗ್ಲಿಷ್. ಕಿವಿಯ ಯಂತ್ರಕ್ಕೆ ಇದಕ್ಕಿಂತ ಕಷ್ಟದ ಜಾಗ ಇಲ್ಲ. ಎರಡು ಸಲ ಹೋಗಿ ‘ನಾನು ಅಲ್ಲಿ ಯಾರು?’ ಎಂದು ಬಿಟ್ಟರು.

ಒಬ್ಬರಿಂದ ಶುರುಮಾಡಬೇಕು. ಆರನೇ ಮಹಡಿಯಲ್ಲಿ ಧಾರವಾಡ ಕಡೆಯ ಒಬ್ಬ ಅಜ್ಜಿ ಇದ್ದಾರೆಂದು ಕಾವಲುಗಾರನಿಂದ ಗೊತ್ತಾಯಿತು. ಸಂಜೆ ನಾಲ್ಕೂವರೆಯ ನಡಿಗೆ ಅವರ ಜೊತೆ ಎಂದು ಗೊತ್ತುಮಾಡಿದ್ದೇ ಈ ಇಡೀ ಯೋಜನೆಯ ತಿರುವು. ಮಗ ನೆನಪಿಸಿದರೆ ಹೊರಡದವರು, ಕೆಳಗೆ ಒಬ್ಬರು ಕಾಯುತ್ತಾರೆಂದರೆ ನಾಲ್ಕಕ್ಕೇ ಸೀರೆ ಸರಿಮಾಡಿಕೊಳ್ಳುತ್ತಿದ್ದರು. ಇಬ್ಬರ ಕನ್ನಡವೂ ಬೇರೆ. ಅರ್ಧ ಹೊತ್ತು ‘ಹಂಗಂದ್ರೇನ್ರೀ?’ ಎನ್ನುವುದರಲ್ಲೇ ಹೋಗುತ್ತಿತ್ತು. ಮಿದುಳಿಗೆ ಸುಡೊಕುವಿಗಿಂತ ಇದು ಹೆಚ್ಚಿನ ಕೆಲಸ ಎನ್ನಲು ಅಡ್ಡಿಯಿಲ್ಲ: ಕೇಳಬೇಕು, ಊಹಿಸಬೇಕು, ಉತ್ತರ ಹುಡುಕಬೇಕು, ಎದುರಿನವರ ಮುಖ ಓದಬೇಕು, ನಡುವೆ ಕಾಲಡಿ ನೋಡಬೇಕು.

ಎರಡನೆಯದು ಹೊಣೆ. ಅಪಾರ್ಟ್‌ಮೆಂಟಿನ ಗಣಪತಿ ಗುಡಿಗೆ ಶುಕ್ರವಾರದ ಹೂವು ಕಟ್ಟುವ ಕೆಲಸ ಕೇಳಿ ಪಡೆಯಲಾಯಿತು. ಮಾರು ಇಷ್ಟು, ಗಂಟೆ ಇಷ್ಟು ಎಂದು ಗಡುವಿರುವ ಕೆಲಸ. ವಾರದ ದಿನ ನೆನಪಿಡಲು ಕ್ಯಾಲೆಂಡರಿಗಿಂತ ಇದೇ ಉಪಕಾರಿಯಾಯಿತು. ಹೂವು ನೋಡಿ ಇಬ್ಬರು ತಮಿಳು ಹೆಂಗಸರು ಕಲಿಯಲು ಬಂದರು. ಅಲ್ಲಿಗೆ ನಾಲ್ವರ ಗುಂಪು. ಕೂಟದಲ್ಲಿ ಆಗದ್ದು ಹೂವಿನ ಬುಟ್ಟಿಯ ಸುತ್ತ ಆಯಿತು.

ಮೂರನೆಯದು ಕಷ್ಟದ್ದು: ಅಡುಗೆಮನೆ ವಾಪಸು ಕೊಡುವುದು. ಸೊಸೆಯ ಭಯ ಸುಳ್ಳಲ್ಲ, ಎರಡು ಸಲ ಹಾಲು ಉಕ್ಕಿ ಗ್ಯಾಸ್ ಆರಿದ್ದುಂಟು. ಹೊತ್ತು ಮುಗಿದಾಗ ತಾನೇ ಆರುವ ಇಂಡಕ್ಷನ್ ಒಲೆ ತಂದು, ಗ್ಯಾಸಿನ ಕೊಳವೆಯ ಕೀಲಿ ಮುಚ್ಚಿ, ರಾತ್ರಿಯ ತಂಬುಳಿ ಅತ್ತೆಯದು ಎಂದು ಬರೆದುಕೊಂಡಂತೆ ಮಾಡಲಾಯಿತು. ದಿನಕ್ಕೊಂದು ಬೇರೆ ಸೊಪ್ಪು. ಹತ್ತು ವರ್ಷದ ಮೊಮ್ಮಗಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ, ಬದಲಿಗೆ ವೀಡಿಯೊ ಕರೆ ಹಚ್ಚುವುದು ಕಲಿಸುತ್ತಾಳೆ. ಕಲಿಯಲು ಹನ್ನೊಂದು ದಿನ ಬೇಕಾಯಿತು: ದಿನಕ್ಕೆ ಒಂದೇ ಹೆಜ್ಜೆ, ಹಿಂದಿನ ದಿನದ್ದು ತಪ್ಪಿಲ್ಲದೆ ಬಂದ ಮೇಲೆ ಮುಂದಿನದು. ಈಗ ಊರಿನ ನಾದಿನಿಗೆ ಹತ್ತೂವರೆಯ ಕರೆ ಅವರೇ ಹಚ್ಚುತ್ತಾರೆ.

ಸಂಗವಿದ್ದರೆ ಅಭ್ಯಾಸ ಉಳಿಯುತ್ತದೆ ಎಂಬುದಕ್ಕೆ ದೊಡ್ಡ ಪ್ರಯೋಗಗಳಲ್ಲೂ ಸುಳಿವು ಇದೆ. ಫಿನ್ಲೆಂಡಿನ ಫಿಂಗರ್ ಪ್ರಯೋಗ 2015ರಲ್ಲಿ 60ರಿಂದ 77ರ 1,260 ಜನರಲ್ಲಿ ಆಹಾರ, ವ್ಯಾಯಾಮ, ಮಿದುಳಿನ ತಾಲೀಮು, ರಕ್ತನಾಳದ ಆರೈಕೆ ಒಟ್ಟಿಗೆ ಕೊಟ್ಟಾಗ ಎರಡು ವರ್ಷದಲ್ಲಿ ಬುದ್ಧಿಶಕ್ತಿ ಪರೀಕ್ಷೆಗಳ ಒಟ್ಟು ಅಂಕದ ಸುಧಾರಣೆ ಮಾಮೂಲು ಸಲಹೆ ಪಡೆದವರಿಗಿಂತ ಶೇ. 25 ಹೆಚ್ಚೆಂದು ತೋರಿಸಿತು. ಅದರ ಅಮೆರಿಕದ ತಮ್ಮನಂತಿರುವ ಪ್ರಯೋಗ 2025ರಲ್ಲಿ ಹೊರಬಂತು, 2,111 ಜನ. ನೀವೇ ಮಾಡಿಕೊಳ್ಳಿ ಎನಿಸಿಕೊಂಡವರೂ ಸುಧಾರಿಸಿದರು, ಎರಡು ವರ್ಷದಲ್ಲಿ 38 ಸಲ ಗುಂಪಾಗಿ ಸೇರಿದವರು ತುಸು ಹೆಚ್ಚು ಸುಧಾರಿಸಿದರು.

ಐದನೇ ತಿಂಗಳ ಪೆಟ್ಟು

ಒಂದು ಬೆಳಿಗ್ಗೆ ಮಗನನ್ನೇ ತಮ್ಮ ತೀರಿಹೋದ ಅಣ್ಣನೆಂದು ಕರೆದರು. ಮಧ್ಯಾಹ್ನ ಸರಿಯಿದ್ದರು, ರಾತ್ರಿ ಮತ್ತೆ ಗಲಿಬಿಲಿ. ‘ಡಿಮೆನ್ಶಿಯಾ ಬಂದೇಬಿಟ್ಟಿತು’ ಎಂದು ಮನೆ ಅತ್ತಿತು. ಗಂಟೆ ಗಂಟೆಗೆ ಏರಿಳಿಯುವ, ದಿನಗಳಲ್ಲಿ ಬಂದ ಗೊಂದಲ ಡಿಮೆನ್ಶಿಯಾದ ರೀತಿಯಲ್ಲ. ಅದು ಡೆಲಿರಿಯಂ, ಬೇರೆಲ್ಲೋ ಇರುವ ಬೆಂಕಿಯ ಹೊಗೆ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ನಾಲ್ಕು ದಿನ ಆಸ್ಪತ್ರೆ. ಕಳೆದುಹೋದೀತೆಂದು ಕಿವಿಯ ಯಂತ್ರವನ್ನೂ ಕನ್ನಡಕವನ್ನೂ ತೆಗೆದು ಮನೆಗೆ ಕಳಿಸಿದ್ದರು. ಕೇಳದ, ಕಾಣದ ಹೊಸ ಜಾಗದಲ್ಲಿ ಗಲಿಬಿಲಿ ಇಮ್ಮಡಿಯಾಯಿತು. ಮಗಳು ಎರಡನ್ನೂ ವಾಪಸು ತಂದು, ಹಗಲು ಕಿಟಕಿ ತೆರೆಸಿ, ರಾತ್ರಿ ಒಬ್ಬರು ಪರಿಚಿತರೇ ಪಕ್ಕದಲ್ಲಿರುವಂತೆ ಮಾಡಿದ ಮೇಲೆ ತಿಳಿಯಾಯಿತು. ನಡಿಗೆ ಮೂರು ವಾರ ಹಿಂದೆ ಬಿತ್ತು. ಮತ್ತೆ ಎಬ್ಬಿಸಿದ್ದು ಆರನೇ ಮಹಡಿಯವರು, ‘ಏನ್ರೀ, ಬರೂದಿಲ್ಲೇನು?’ ಎಂದು ಬಾಗಿಲಿಗೇ ಬಂದು.

ಹನ್ನೆರಡನೇ ತಿಂಗಳು

ದಿನಕ್ಕೆ 4,600 ಹೆಜ್ಜೆ. ಕುರ್ಚಿಯಿಂದ ಏಳುವುದು 11. ಮೂರು ಮೀಟರಿನ ನಡಿಗೆ 11.1 ಸೆಕೆಂಡ್. ರಕ್ತದೊತ್ತಡ 132/78. ಬಿ12 ಹಿಡಿತದಲ್ಲಿ. ಕಿವಿಯ ಯಂತ್ರ ದಿನಕ್ಕೆ ಒಂಬತ್ತು ಗಂಟೆ. ಖಿನ್ನತೆಯ ಪಟ್ಟಿಯಲ್ಲಿ 3. ಎಡಗಣ್ಣಿನ ಪೊರೆ ತೆಗೆಸಿಯಾಗಿದೆ. ಬೇರೆ ಪದಪಟ್ಟಿಯಿಂದ ನೋಡಿದ ಮೋಕಾ 24. ಐದು ಪದಗಳಲ್ಲಿ ಎರಡು ತಾನಾಗಿ ಬಂದವು.

ಈ ನಾಲ್ಕು ಅಂಕಗಳಲ್ಲಿ ಯಾವುದು ಯಾವುದರಿಂದ ಎಂದು ಬಿಡಿಸಲು ಆಗುವುದಿಲ್ಲ. ಕಿವಿ, ಬಿ12, ಬಿಟ್ಟ ಶೀತದ ಮಾತ್ರೆ, ಹಗುರಾದ ಮನಸ್ಸು, ಪರೀಕ್ಷೆಯ ಪರಿಚಯ ಎಲ್ಲಕ್ಕೂ ಪಾಲಿದೆ. ಪದಗಳನ್ನು ತಾನಾಗಿ ಎತ್ತಿಕೊಳ್ಳುವುದು ವಯಸ್ಸಿಗೆ ಮೀರಿ ಕಷ್ಟವೇ ಆಗಿರುವುದರಿಂದ ಕಡತದಲ್ಲಿ ನೆನಪಿನ ಸೌಮ್ಯ ಕುಂದು ಎಂದೇ ಬರೆದಿದೆ, ವರ್ಷಕ್ಕೊಮ್ಮೆ ಮರುಪರೀಕ್ಷೆ. ಒಂದೇ ಪ್ರಶ್ನೆ ಈಗಲೂ ಎರಡು ಸಲ ಬರುತ್ತದೆ. ಹಾಲು ಉಕ್ಕಿಲ್ಲ.

ಸದ್ಯ ಮನೆಯಲ್ಲಿರುವ ಚರ್ಚೆ ಬೇರೆ. ಪುಣೆಯಲ್ಲಿರುವ ಕಿರಿಯ ಮಗ, ಅಮ್ಮ ಮೂರು ಮೂರು ತಿಂಗಳು ಇಬ್ಬರ ಮನೆಯಲ್ಲೂ ಇರಲಿ, ಅದೇ ನ್ಯಾಯ ಎನ್ನುತ್ತಿದ್ದಾನೆ. ಅಣ್ಣತಮ್ಮಂದಿರ ನ್ಯಾಯಕ್ಕೆ ಅದು ಸರಿ. ಹೂವಿನ ಶುಕ್ರವಾರ, ನಾಲ್ಕೂವರೆಯ ನಡಿಗೆ, ಕತ್ತಲಲ್ಲೂ ದಾರಿ ಗೊತ್ತಿರುವ ಬಚ್ಚಲು ಇವು ಮೂರು ತಿಂಗಳಿಗೊಮ್ಮೆ ಕಿತ್ತು ನೆಡುವ ಸಸಿಗಳಲ್ಲ. ನಮ್ಮ ಸಲಹೆ: ಕಿರಿಯ ಮಗನೇ ಇಲ್ಲಿಗೆ ಬಂದು ಎರಡು ವಾರ ಇರಲಿ, ದೀಪಾವಳಿಗೆ ಎಲ್ಲರೂ ಊರಿಗೆ ಹೋಗಲಿ. ಪುಣೆಗೆ ಹೋಗಲೇಬೇಕೆಂದರೆ ಹತ್ತು ದಿನ ಮೀರದಿರಲಿ, ಬಚ್ಚಲಿಗೆ ರಾತ್ರಿ ದೀಪ ಇರಲಿ, ಜಪಮಾಲೆಯೂ ಕಿವಿಯ ಯಂತ್ರದ ಬ್ಯಾಟರಿಯೂ ಕೈಚೀಲದಲ್ಲೇ ಇರಲಿ, ನಾಲ್ಕೂವರೆಗೆ ಆರನೇ ಮಹಡಿಗೆ ವೀಡಿಯೊ ಕರೆ ತಪ್ಪದಿರಲಿ.